ನೆಟ್‌ವರ್ಕ್ ಇಲ್ಲದ ಕಡೆ ತಿದ್ದಿದ ದಾಖಲೆಗಳನ್ನು ಡೇಟಾಬೇಸಿಗೆ ಸರಿಯಾಗಿ ಸೇರಿಸುವುದು ಹೇಗೆ

ಹಾಲು ಉತ್ಪಾದಕರ ಸಹಕಾರ ಸಂಘಗಳಿಗೆ ಸಾಫ್ಟ್‌ವೇರ್ ಬರೆಯುವುದು ನನ್ನ ಕೆಲಸ. ಊರಿನ ಸಂಘದಲ್ಲಿ ಒಂದು ಲ್ಯಾಪ್‌ಟಾಪ್ ಇರುತ್ತದೆ. ತಾಲ್ಲೂಕು ಕೇಂದ್ರದ ಕಚೇರಿಯಲ್ಲಿ ಎಸ್‌ಕ್ಯೂಎಲ್ ಸರ್ವರ್ ಅನ್ನುವ ಡೇಟಾಬೇಸ್ ಇರುತ್ತದೆ. ಬೆಳಿಗ್ಗೆ ಜನ ಹಾಲು ಹಿಡಿದು ಸಾಲಾಗಿ ನಿಂತಿರುವಾಗ ನೆಟ್‌ವರ್ಕ್ ಬರಲಿ ಅಂತ ಕಾಯಲು ಆಗುವುದಿಲ್ಲ. ಲೀಟರ್, ಫ್ಯಾಟ್ (ಕೊಬ್ಬು), ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎಲ್ಲ ಅಲ್ಲೇ ದಾಖಲಾಗಬೇಕು, ಚೀಟಿ ಕೈಗೆ ಕೊಡಬೇಕು. ಕನೆಕ್ಷನ್ ಸಿಕ್ಕಾಗ ಅಷ್ಟೂ ಸರ್ವರ್‌ಗೆ ಹೋಗಬೇಕು. ಬಟವಾಡೆಯ ದುಡ್ಡು ಅದೇ ದಾಖಲೆಗಳ ಮೇಲೆ ನಿಂತಿದೆ. ಹಾಗಾಗಿ ಒಂದು ಸಾಲು ಕೂಡ ತಪ್ಪಬಾರದು, ಎರಡು ಸಲ ಸೇರಬಾರದು, ಇನ್ನೊಬ್ಬರು ತಿದ್ದಿದ್ದನ್ನು ಅಳಿಸಬಾರದು.

ನಾನು ಬಳಸುವುದು ಸಿ ಶಾರ್ಪ್ ಭಾಷೆ, ಮತ್ತು ಡೇಟಾಬೇಸ್ ಜೊತೆ ಮಾತಾಡಲು ಮೈಕ್ರೋಸಾಫ್ಟ್‌ನ ಎಡಿಓ ಡಾಟ್ ನೆಟ್. ಅದರಲ್ಲಿನ ಡೇಟಾಸೆಟ್, ಅಂದರೆ ಸರ್ವರ್‌ನಿಂದ ತಂದ ಟೇಬಲ್‌ಗಳನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಸಾಧನ, 2002ರಲ್ಲಿ ಡಾಟ್ ನೆಟ್‌ನ ಮೊದಲ ಆವೃತ್ತಿಯ ಜೊತೆಗೇ ಬಂದದ್ದು, ಹಳೆಯದಾಯಿತು ಅನ್ನುವವರು ತುಂಬಾ ಜನ. ಈ ಕೆಲಸಕ್ಕೆ ನಾನು ಅದನ್ನೇ ಆರಿಸುತ್ತೇನೆ. ತಿದ್ದಿದ ಪ್ರತಿ ಸಾಲಿಗೂ ಅದು ಹಳೇ ವ್ಯಾಲ್ಯೂ, ಹೊಸ ವ್ಯಾಲ್ಯೂ ಎರಡನ್ನೂ ಇಟ್ಟುಕೊಳ್ಳುತ್ತದೆ. ಸರ್ವರ್‌ನಿಂದ ತಂದಾಗ ಇದ್ದದ್ದು ‘ಒರಿಜಿನಲ್’, ಈಗ ಇರುವುದು ‘ಕರೆಂಟ್’. ಸರ್ವರ್ ಒಪ್ಪಿಕೊಂಡಿದೆ ಅಂತ ಖಚಿತವಾಗುವ ತನಕ ಆ ಒರಿಜಿನಲ್ ಕಳೆದುಹೋಗದಂತೆ ನೋಡಿಕೊಳ್ಳಬೇಕು. ಮುಂದೆ ಹೇಳುವ ಬಹುಪಾಲು ಮಾತು ಇದನ್ನೇ ಕುರಿತದ್ದು.

ಲ್ಯಾಪ್‌ಟಾಪಿನ ಕಡೆ

ಡೇಟಾಸೆಟ್ ಮತ್ತು ಸರ್ವರ್ ನಡುವೆ ಸಾಲುಗಳನ್ನು ಸಾಗಿಸುವುದು ಡೇಟಾಅಡಾಪ್ಟರ್. ಅದರ ಫಿಲ್ ಮೆಥಡ್‌ನಿಂದ ಆ ಸಂಘದ ಸದಸ್ಯರ ಪಟ್ಟಿ ತನ್ನಿ. ಫಿಲ್ ಮಾಡುವ ಮೊದಲು ಮಿಸ್ಸಿಂಗ್‌ಸ್ಕೀಮಾಆಕ್ಷನ್ ಅನ್ನು ಆಡ್‌ವಿತ್‌ಕೀ ಅಂತ ಇಡಿ. ಇಲ್ಲದಿದ್ದರೆ ಪ್ರೈಮರಿ ಕೀ (ಪ್ರತಿ ಸಾಲನ್ನು ಗುರುತಿಸುವ ಕಾಲಂ) ಬರುವುದಿಲ್ಲ. ಕೀ ಇಲ್ಲದೆ ಮುಂದೆ ಮರ್ಜ್ ಮಾಡುವಾಗ (ಸರ್ವರ್‌ನ ಸಾಲುಗಳನ್ನು ಇದರೊಳಗೆ ಬೆರೆಸುವಾಗ) ಒಂದೇ ಸದಸ್ಯರು ಎರಡೆರಡು ಸಲ ಕಾಣುತ್ತಾರೆ.

ಫಿಲ್ ಆದ ಮೇಲೆ ಎಲ್ಲ ಸಾಲುಗಳ ರೋಸ್ಟೇಟ್ (ಸಾಲಿನ ಸ್ಥಿತಿ) ‘ಅನ್‌ಚೇಂಜ್ಡ್’ ಆಗಿರುತ್ತದೆ. ತಿದ್ದಿದರೆ ‘ಮಾಡಿಫೈಡ್’, ಹೊಸದು ಸೇರಿಸಿದರೆ ‘ಆಡೆಡ್’, ಡಿಲೀಟ್ ಮಾಡಿದರೆ ‘ಡಿಲೀಟೆಡ್’. ತಿದ್ದಿದ್ದನ್ನು ಸರ್ವರ್‌ಗೆ ಕಳಿಸಲು ಅಪ್‌ಡೇಟ್ ಕರೆದಾಗ ಅಡಾಪ್ಟರ್ ನೋಡುವುದು ಈ ಸ್ಟೇಟನ್ನು ಮಾತ್ರ. ಆಕ್ಸೆಪ್ಟ್‌ಚೇಂಜಸ್ ಕರೆದ ತಕ್ಷಣ ಎಲ್ಲವೂ ಮತ್ತೆ ಅನ್‌ಚೇಂಜ್ಡ್ ಆಗುತ್ತದೆ, ಹಳೇ ವ್ಯಾಲ್ಯೂ ಹೋಗುತ್ತದೆ. ಆಮೇಲೆ ಅಪ್‌ಡೇಟ್ ಕರೆದರೆ ಎರರ್ ಕೂಡ ಬರುವುದಿಲ್ಲ, ಸುಮ್ನೆ ಸೊನ್ನೆ ಅಂತ ಹಿಂತಿರುಗಿಸುತ್ತದೆ. ಸೇವ್ ಬಟನ್ ಒತ್ತಿದಾಗ ಆಕ್ಸೆಪ್ಟ್‌ಚೇಂಜಸ್ ಕರೆಯಬೇಕು ಅಂತ ಅಂದುಕೊಳ್ಳುವ ಹೊಸಬರು ಜಾಸ್ತಿ. ಹೆಸರೇ ಹಾಗಿದೆ, ಅಲ್ವಾ? ನಿಮ್ಮ ಕೋಡಿನಲ್ಲಿ ಆ ಹೆಸರನ್ನು ಒಮ್ಮೆ ಹುಡುಕಿ. ಸರ್ವರ್ ಒಪ್ಪಿದ ಮೇಲಿನ ಜಾಗ ಬಿಟ್ಟು ಬೇರೆಲ್ಲೂ ಅದು ಇರಬಾರದು.

ಸಾಲು ತೆಗೆಯುವಾಗಲೂ ಇದೇ ಎಚ್ಚರ ಬೇಕು. ಸಾಲಿನ ಮೇಲೆ ಡಿಲೀಟ್ ಕರೆದರೆ ಅದು ಡಿಲೀಟೆಡ್ ಅಂತ ಗುರುತಾಗಿ ಒಳಗೇ ಉಳಿಯುತ್ತದೆ, ಸರ್ವರ್‌ಗೆ ಸುದ್ದಿ ಮುಟ್ಟುತ್ತದೆ. ರೋಸ್ ಕಲೆಕ್ಷನ್‌ನ ರಿಮೂವ್ ಕರೆದರೆ ಸಾಲು ಗುರುತೇ ಇಲ್ಲದಂತೆ ಹೋಗುತ್ತದೆ, ಸರ್ವರ್‌ನಲ್ಲಿ ಹಾಗೇ ಉಳಿಯುತ್ತದೆ. ಡಿಲೀಟ್ ಆದ ಸಾಲಿನ ವ್ಯಾಲ್ಯೂ ಓದಬೇಕಾದರೆ ಒರಿಜಿನಲ್ ವರ್ಷನ್ ಅಂತ ಹೇಳಿ ಕೇಳಬೇಕು. ಇಲ್ಲದಿದ್ದರೆ ಎಕ್ಸೆಪ್ಶನ್ ಬರುತ್ತದೆ.

ಫಾರ್ಮ್‌ನಲ್ಲಿ ಗ್ರಿಡ್ ಇದ್ದರೆ, ಉಳಿಸುವ ಮೊದಲು ಬೈಂಡಿಂಗ್‌ಸೋರ್ಸ್‌ನ ಎಂಡ್‌ಎಡಿಟ್ ಕರೆಯಿರಿ. ಕರ್ಸರ್ ಇನ್ನೂ ಕೊನೆಯ ಸಾಲಿನಲ್ಲೇ ಇದ್ದರೆ ಆ ತಿದ್ದುಪಡಿ ಡೇಟಾಟೇಬಲ್‌ಗೆ ಇಳಿದಿರುವುದಿಲ್ಲ. ‘ಕೊನೇ ಸದಸ್ಯರದ್ದು ಮಾತ್ರ ಉಳಿಯುತ್ತಿಲ್ಲ ಸಾರ್’ ಅಂತ ಕಾರ್ಯದರ್ಶಿಗಳು ಫೋನ್ ಮಾಡಿದರೆ ನಾನು ಮೊದಲು ನೋಡುವ ಜಾಗ ಇದು.

ಇನ್ನು ಡಿಸ್ಕ್‌ಗೆ ಉಳಿಸುವುದು. ವಿದ್ಯುತ್ ಯಾವಾಗ ಹೋಗುತ್ತದೋ ಹೇಳಲಾಗದು, ಹಾಗಾಗಿ ಪ್ರತಿ ಎಂಟ್ರಿಯ ನಂತರ ಫೈಲ್ ಬರೆಯಬೇಕು. ರೈಟ್‌ಎಕ್ಸ್‌ಎಂಎಲ್ ಅನ್ನು ಹಾಗೇ ಕರೆದರೆ ಈಗಿನ ವ್ಯಾಲ್ಯೂ ಮಾತ್ರ ಫೈಲಿಗೆ ಹೋಗುತ್ತದೆ. ಮೋಡ್ ಜಾಗದಲ್ಲಿ ‘ಡಿಫ್‌ಗ್ರಾಂ’ ಅಂತ ಕೊಡಿ. ಆಗ ಹಳೇ ವ್ಯಾಲ್ಯೂ, ಸಾಲಿನ ಸ್ಟೇಟ್ ಎರಡೂ ಫೈಲಿನಲ್ಲಿ ಉಳಿಯುತ್ತವೆ. ಡಿಫ್‌ಗ್ರಾಂನಲ್ಲಿ ಸ್ಕೀಮಾ (ಟೇಬಲ್‌ಗಳ ರಚನೆ) ಇರುವುದಿಲ್ಲ, ಹಾಗಾಗಿ ರೈಟ್‌ಎಕ್ಸ್‌ಎಂಎಲ್‌ಸ್ಕೀಮಾದಿಂದ ಅದನ್ನು ಬೇರೆ ಫೈಲಿಗೆ ಬರೆಯಿರಿ. ಮತ್ತೆ ತೆರೆಯುವಾಗ ಮೊದಲು ಸ್ಕೀಮಾ, ಆಮೇಲೆ ಡಿಫ್‌ಗ್ರಾಂ. ನೇರವಾಗಿ ಹಳೇ ಫೈಲಿನ ಮೇಲೆ ಬರೆಯಬೇಡಿ. ಬೇರೆ ಹೆಸರಿನಲ್ಲಿ ಪೂರ್ತಿ ಬರೆದು, ಆಮೇಲೆ ಫೈಲ್ ರಿಪ್ಲೇಸ್ ಮಾಡಿ.

ಹೊಸ ಸಾಲಿಗೆ ಐಡಿ

ಸರ್ವರ್ ತಾನೇ ನಂಬರ್ ಕೊಡುವ ಐಡೆಂಟಿಟಿ ಕಾಲಂ ಇಟ್ಟರೆ ಲ್ಯಾಪ್‌ಟಾಪ್‌ನಲ್ಲಿ ತಾತ್ಕಾಲಿಕ ನಂಬರ್ ಬೇಕು. ಆಟೋಇನ್‌ಕ್ರಿಮೆಂಟ್‌ಸೀಡ್ ಮತ್ತು ಸ್ಟೆಪ್ ಎರಡನ್ನೂ -1 ಮಾಡಿದರೆ -1, -2, -3 ಅಂತ ಸಾಗುತ್ತದೆ, ಸರ್ವರ್‌ನ ನಿಜವಾದ ನಂಬರಿಗೆ ಎಂದೂ ಡಿಕ್ಕಿ ಹೊಡೆಯುವುದಿಲ್ಲ. ಸೇರಿಸಿದ ಮೇಲೆ ಸರ್ವರ್ ಕೊಟ್ಟ ನಂಬರನ್ನು ಸಾಲಿಗೆ ವಾಪಸ್ ತರಬೇಕು, ಅದನ್ನು ಅವಲಂಬಿಸಿದ ಟೇಬಲ್‌ಗಳಿಗೂ ಇಳಿಸಬೇಕು. ಒಂದೇ ಕಚೇರಿಯೊಳಗಿನ ಪ್ರೋಗ್ರಾಂಗೆ ಇದು ಸಾಕು.

ನೂರಾರು ಲ್ಯಾಪ್‌ಟಾಪ್ ಇರುವ ಕಡೆ ನಾನು ಲ್ಯಾಪ್‌ಟಾಪಿನಲ್ಲೇ ಗೂಯಿಡ್, ಅಂದರೆ ಬೇರೆಲ್ಲೂ ಮತ್ತೆ ಬರದಷ್ಟು ಉದ್ದದ ಐಡಿ, ಹುಟ್ಟಿಸುತ್ತೇನೆ. ವಾಪಸ್ ತರುವ ರಗಳೆಯೇ ಇಲ್ಲ. ಆದರೆ ಅದನ್ನು ಕ್ಲಸ್ಟರ್ಡ್ ಇಂಡೆಕ್ಸ್ (ಟೇಬಲ್‌ನಲ್ಲಿ ಸಾಲುಗಳನ್ನು ಜೋಡಿಸುವ ಕ್ರಮ) ಮಾಡಬೇಡಿ, ಟೇಬಲ್ ಬೆಳೆದಂತೆ ಪುಟಗಳು ಒಡೆದು ನಿಧಾನವಾಗುತ್ತದೆ. ಜೊತೆಗೆ ಸಂಘದ ಕೋಡ್, ದಿನಾಂಕ, ಬೆಳಿಗ್ಗೆ ಅಥವಾ ಸಂಜೆ, ಸದಸ್ಯರ ಕೋಡ್ ಇಷ್ಟಕ್ಕೂ ಸೇರಿ, ಅದೇ ಎಂಟ್ರಿ ಎರಡು ಸಲ ಸೇರದಂತೆ ಒಂದು ಯೂನಿಕ್ ಇಂಡೆಕ್ಸ್ ಹಾಕಿ. ಒಬ್ಬರು ಒಂದು ಹೊತ್ತಿಗೆ ಎರಡು ಸಲ ಹಾಲು ಹಾಕುವ ಪದ್ಧತಿ ಇರುವ ಊರುಗಳೂ ಇವೆ. ಅಲ್ಲಿ ಚೀಟಿ ನಂಬರನ್ನೂ ಅದರಲ್ಲಿ ಸೇರಿಸಿ.

ವೇರ್ ಷರತ್ತು: ಇಲ್ಲಿ ನಿಂತು ಯೋಚಿಸಿ

ಯಾವ ಸಾಲನ್ನು ಬದಲಿಸಬೇಕು ಅಂತ ಹೇಳುವುದು ಅಪ್‌ಡೇಟ್ ಕಮಾಂಡಿನ ವೇರ್ ಭಾಗ. ಅಲ್ಲಿ ಏನು ಬರೆಯುತ್ತೀರಿ ಅನ್ನುವುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಕಮಾಂಡನ್ನು ತಾನೇ ಬರೆದುಕೊಡುವ ಕಮಾಂಡ್‌ಬಿಲ್ಡರ್‌ಗೆ ಸುಮ್ನೆ ಬಿಟ್ಟು ಮುಂದೆ ಹೋಗಬೇಡಿ.

ಒಂದು ನಿಜವಾದ ಸಂದರ್ಭ ಹೇಳುತ್ತೇನೆ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. 2021ರ ಜುಲೈ 1ರಿಂದ ಅದರ ಹಳೇ ಐಎಫ್‌ಎಸ್‌ಸಿ (ಬ್ಯಾಂಕ್ ಶಾಖೆಯ ಕೋಡ್) ನಡೆಯುವುದಿಲ್ಲ ಅಂತಾಯಿತು. ಇಂಥ ಸಮಯದಲ್ಲಿ ಕಚೇರಿಯವರು ಸರ್ವರ್‌ನಲ್ಲಿ ಎಲ್ಲ ಸದಸ್ಯರ ಐಎಫ್‌ಎಸ್‌ಸಿಯನ್ನು ಒಟ್ಟಿಗೆ ಬದಲಿಸುತ್ತಾರೆ. ಊರಿನ ಲ್ಯಾಪ್‌ಟಾಪಿನಲ್ಲಿ ಮಾತ್ರ ಹಳೇ ಕೋಡ್ ಇದೆ. ಅಲ್ಲಿ ಕಾರ್ಯದರ್ಶಿ ಒಬ್ಬ ಸದಸ್ಯರ ಫೋನ್ ನಂಬರ್ ತಿದ್ದುತ್ತಾರೆ. ನಿಮ್ಮ ಕಮಾಂಡ್ ಎಲ್ಲ ಕಾಲಂಗಳನ್ನೂ ಸೆಟ್ ಮಾಡಿ, ವೇರ್‌ನಲ್ಲಿ ಬರೀ ಐಡಿ ನೋಡುತ್ತದೆ ಅಂದುಕೊಳ್ಳಿ. ಫೋನ್ ನಂಬರಿನ ಜೊತೆ ಸತ್ತ ಐಎಫ್‌ಎಸ್‌ಸಿಯೂ ಸರ್ವರ್‌ಗೆ ಹೋಗಿ ಕೂರುತ್ತದೆ. ಎರರ್ ಇಲ್ಲ. ಬಟವಾಡೆ ದಿನ ದುಡ್ಡು ವಾಪಸ್ ಬಂದಾಗಲೇ ಗೊತ್ತಾಗುವುದು.

ಸರಿ, ಬದಲಾದ ಕಾಲಂ ಮಾತ್ರ ಸೆಟ್ ಮಾಡಿ, ಅದರ ಹಳೇ ವ್ಯಾಲ್ಯೂ ಮಾತ್ರ ವೇರ್‌ನಲ್ಲಿ ನೋಡೋಣ ಅನ್ನಬಹುದು. ಫೋನ್ ವಿಷಯದಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಈಗ ಬೇರೆ ಸಂದರ್ಭ ನೋಡಿ. ಸದಸ್ಯರು ತಮ್ಮ ಖಾತೆಯನ್ನು ಬೇರೆ ಶಾಖೆಗೆ ವರ್ಗ ಮಾಡಿಸಿದರು, ಕಚೇರಿಯವರು ಐಎಫ್‌ಎಸ್‌ಸಿ ಬದಲಿಸಿದರು. ಅದೇ ವಾರ ಊರಿನಲ್ಲಿ ಅವರ ಮಗ ಬಂದು, ಹಳೇ ಶಾಖೆಯಲ್ಲೇ ತೆರೆದ ಜಂಟಿ ಖಾತೆಯ ನಂಬರ್ ಕೊಟ್ಟ, ಕಾರ್ಯದರ್ಶಿ ಖಾತೆ ನಂಬರ್ ಬದಲಿಸಿದರು. ಎರಡೂ ಬೇರೆ ಬೇರೆ ಕಾಲಂ, ಹಾಗಾಗಿ ಎರಡೂ ಸರಾಗವಾಗಿ ಒಳಗೆ ಹೋಗುತ್ತವೆ. ಸರ್ವರ್‌ನಲ್ಲಿ ಉಳಿಯುವುದು ಒಂದು ಶಾಖೆಯ ಕೋಡ್, ಇನ್ನೊಂದು ಶಾಖೆಯ ಖಾತೆ ನಂಬರ್. ಆ ಜೋಡಿಯನ್ನು ಇಬ್ಬರಲ್ಲಿ ಯಾರೂ ಬರೆದಿರಲಿಲ್ಲ.

ಎಲ್ಲ ಕಾಲಂಗಳ ಹಳೇ ವ್ಯಾಲ್ಯೂ ಹೋಲಿಸುವುದು ಮೂರನೇ ದಾರಿ. ಕಮಾಂಡ್‌ಬಿಲ್ಡರ್ ತಾನಾಗಿ ಮಾಡುವುದು ಇದನ್ನೇ. ಸುರಕ್ಷಿತ ಹೌದು, ಆದರೆ ಕಮಾಂಡ್ ಉದ್ದ. ಕೈಯಲ್ಲಿ ಬರೆಯುವವರು ನಲ್ (ಖಾಲಿ ವ್ಯಾಲ್ಯೂ) ಮರೆಯುತ್ತಾರೆ. ನಲ್ ಸಮ ನಲ್ ಅನ್ನುವುದು ಎಸ್‌ಕ್ಯೂಎಲ್‌ನಲ್ಲಿ ನಿಜವಾಗುವುದಿಲ್ಲ, ಹಾಗಾಗಿ ಫೋನ್ ಖಾಲಿ ಇರುವ ಸದಸ್ಯರನ್ನು ತಿದ್ದಿದಾಗೆಲ್ಲ ಇಲ್ಲದ ಕಾನ್‌ಫ್ಲಿಕ್ಟ್ (ನಡುವೆ ಬೇರೆಯವರೂ ತಿದ್ದಿದ್ದಾರೆ ಅನ್ನುವ ಎರರ್) ಬರುತ್ತದೆ. ಲೀಟರ್, ಫ್ಯಾಟ್‌ಗೆ ಸಂಖ್ಯೆಯನ್ನು ಅಂದಾಜಾಗಿ ಇಡುವ ಫ್ಲೋಟ್ ಇಟ್ಟಿದ್ದರೆ ಹೋಲಿಕೆಯನ್ನು ನಂಬುವಂತಿಲ್ಲ. ಅವನ್ನು ಡೆಸಿಮಲ್ ಮಾಡಿ.

ನಾನು ಹೇಳುವುದು ರೋವರ್ಷನ್. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಇದು 8 ಬೈಟಿನ ಕಾಲಂ. ಸಾಲಿನಲ್ಲಿ ಯಾರು ಏನೇ ಅಪ್‌ಡೇಟ್ ಮಾಡಿದರೂ ಸರ್ವರ್ ತಾನೇ ಅದನ್ನು ಬದಲಿಸುತ್ತದೆ. ಕಮಾಂಡ್ ಹೀಗಾಗುತ್ತದೆ:

ಅಪ್‌ಡೇಟ್ ಸದಸ್ಯರು
ಸೆಟ್ ಫೋನ್ = ಹೊಸ ಫೋನ್, ಖಾತೆ = ಹೊಸ ಖಾತೆ, ಐಎಫ್‌ಎಸ್‌ಸಿ = ಹೊಸ ಐಎಫ್‌ಎಸ್‌ಸಿ
ವೇರ್ ಐಡಿ = ಹಳೇ ಐಡಿ ಆಂಡ್ ರೋವರ್ಷನ್ = ಹಳೇ ರೋವರ್ಷನ್

ವೇರ್‌ನ ಎರಡೂ ಪ್ಯಾರಾಮೀಟರ್‌ಗಳ ಸೋರ್ಸ್‌ವರ್ಷನ್ ಅನ್ನು ಒರಿಜಿನಲ್ ಅಂತ ಇಡಿ, ಹೇಳದಿದ್ದರೆ ಅದು ಕರೆಂಟ್ ಆಗಿರುತ್ತದೆ. ಅಪ್‌ಡೇಟ್ ಆದ ಮೇಲೆ ಸರ್ವರ್‌ನ ಹೊಸ ರೋವರ್ಷನ್ ಅನ್ನು ಔಟ್‌ಪುಟ್ ಮೂಲಕ ಸಾಲಿಗೆ ವಾಪಸ್ ತರಬೇಕು. ಇಲ್ಲದಿದ್ದರೆ ಅದೇ ಕಾರ್ಯದರ್ಶಿ ಎರಡನೇ ಸಲ ತಿದ್ದಿದಾಗ ಅವರದೇ ಮೊದಲ ತಿದ್ದುಪಡಿ ಅವರಿಗೆ ಅಡ್ಡ ಬರುತ್ತದೆ.

ಎಷ್ಟು ಸಾಲು ಬದಲಾಯಿತು ಅಂತ ಅಡಾಪ್ಟರ್ ನೋಡುತ್ತದೆ. ಸೊನ್ನೆ ಬಂದರೆ ಡಿಬಿಕನ್‌ಕರೆನ್ಸಿಎಕ್ಸೆಪ್ಶನ್ ಎಸೆಯುತ್ತದೆ. ಸ್ಟೋರ್ಡ್ ಪ್ರೊಸೀಜರ್ ಬಳಸುವವರು ಇಲ್ಲಿ ಹುಷಾರಾಗಿರಿ. ಅದರಲ್ಲಿ ನೋಕೌಂಟ್ ಆನ್ ಇದ್ದರೆ ಆ ಎಣಿಕೆ ಅಡಾಪ್ಟರ್‌ಗೆ ಬರುವುದೇ ಇಲ್ಲ, ಕಾನ್‌ಫ್ಲಿಕ್ಟ್ ಸದ್ದಿಲ್ಲದೆ ದಾಟಿಹೋಗುತ್ತದೆ.

ಕಳಿಸುವುದು

ಸದಸ್ಯರ ತಿದ್ದುಪಡಿ ಮತ್ತು ಹಾಲಿನ ಎಂಟ್ರಿ ಎರಡನ್ನೂ ನಾನು ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಎಲ್ಲವೂ ಸೇರಬೇಕು, ಇಲ್ಲವೇ ಏನೂ ಸೇರಬಾರದು ಅನ್ನುವ ಗಂಟು) ಕಳಿಸುವುದಿಲ್ಲ. ಒಬ್ಬ ಸದಸ್ಯರ ಫೋನ್ ನಂಬರಿನ ಕಾನ್‌ಫ್ಲಿಕ್ಟ್‌ಗೆ ಇಡೀ ಊರಿನ ಹಾಲಿನ ಲೆಕ್ಕ ನಿಲ್ಲಬಾರದು. ಮೊದಲು ಸದಸ್ಯರು, ಏಕೆಂದರೆ ಹೊಸ ಸದಸ್ಯರ ಎಂಟ್ರಿ ಅವರ ಸಾಲನ್ನು ಅವಲಂಬಿಸಿದೆ. ಆಮೇಲೆ ಹಾಲು. ಡಿಲೀಟ್ ಇದ್ದರೆ ಕ್ರಮ ಉಲ್ಟಾ. ಹಾಲಿನ ಎಂಟ್ರಿಯನ್ನು ನಾವು ಡಿಲೀಟ್ ಮಾಡುವುದೇ ಇಲ್ಲ, ‘ರದ್ದು’ ಅಂತ ಗುರುತು ಹಾಕುತ್ತೇವೆ.

ಸದಸ್ಯರ ಅಡಾಪ್ಟರ್‌ಗೆ ಕಂಟಿನ್ಯೂಅಪ್‌ಡೇಟ್‌ಆನ್‌ಎರರ್ ಟ್ರೂ ಮಾಡಿ. ಒಂದು ಸಾಲು ಸಿಕ್ಕಿಹಾಕಿಕೊಂಡರೂ ಉಳಿದವು ಹೋಗುತ್ತವೆ, ಸಿಕ್ಕಿಕೊಂಡದ್ದರ ರೋಎರರ್‌ನಲ್ಲಿ ಕಾರಣ ಇರುತ್ತದೆ. ಹಾಲಿನ ಅಡಾಪ್ಟರ್‌ಗೆ ಅದು ಫಾಲ್ಸ್ ಇರಲಿ. ಒಂದು ಹೊತ್ತಿನ ಹಾಲು ಹೋದರೆ ಪೂರ್ತಿ ಹೋಗಬೇಕು, ಇಲ್ಲದಿದ್ದರೆ ಒಂದೂ ಹೋಗಬಾರದು. 2005ರ ಡಾಟ್ ನೆಟ್ 2.0ರಿಂದ ಅಪ್‌ಡೇಟ್‌ಬ್ಯಾಚ್‌ಸೈಜ್ ಇದೆ. ನಿಧಾನದ ಲೈನಿನಲ್ಲಿ ಹಾಲಿನ ಎಂಟ್ರಿಗೆ ಅದನ್ನು 50 ಮಾಡಿದರೆ ಓಡಾಟ ತುಂಬಾ ಕಡಿಮೆಯಾಗುತ್ತದೆ. ಆಗ ಇನ್ಸರ್ಟ್ ಕಮಾಂಡಿನ ಅಪ್‌ಡೇಟೆಡ್‌ರೋಸೋರ್ಸ್ ‘ನನ್’ (ಏನೂ ವಾಪಸ್ ಬೇಡ) ಅಥವಾ ‘ಔಟ್‌ಪುಟ್‌ಪ್ಯಾರಾಮೀಟರ್ಸ್’ ಇರಬೇಕು, ಇಲ್ಲಿ ‘ನನ್’ ಸಾಕು. ಸದಸ್ಯರಿಗೆ ಬ್ಯಾಚ್ ಸೈಜ್ ಒಂದೇ ಇರಲಿ, ಪ್ರತಿ ಸಾಲಿನ ಉತ್ತರವೂ ಬೇಕು.

ಎಲ್ಲಕ್ಕಿಂತ ಮುಖ್ಯವಾದ ಸಾಲು ಇದು: ಆಕ್ಸೆಪ್ಟ್‌ಚೇಂಜಸ್‌ಡ್ಯೂರಿಂಗ್‌ಅಪ್‌ಡೇಟ್ ಅನ್ನು ಫಾಲ್ಸ್ ಮಾಡಿ. ಇದೂ 2.0ರಲ್ಲಿ ಬಂದದ್ದು. ಇದಿಲ್ಲದಿದ್ದರೆ ಅಡಾಪ್ಟರ್ ಒಂದೊಂದು ಸಾಲು ಕಳಿಸಿದ ಕೂಡಲೇ ಅದನ್ನು ಅನ್‌ಚೇಂಜ್ಡ್ ಮಾಡುತ್ತಾ ಹೋಗುತ್ತದೆ. ಎಂಬತ್ತನೇ ಸಾಲಿನಲ್ಲಿ ಲೈನ್ ಕಡಿದು ಟ್ರಾನ್ಸಾಕ್ಷನ್ ರೋಲ್‌ಬ್ಯಾಕ್ ಆಯಿತು, ಅಂದರೆ ಸೇರಿದ್ದೆಲ್ಲ ರದ್ದಾಯಿತು ಅನ್ನಿ. ಸರ್ವರ್‌ನಲ್ಲಿ ಒಂದೂ ಇಲ್ಲ, ಲ್ಯಾಪ್‌ಟಾಪಿನಲ್ಲಿ ಎಪ್ಪತ್ತೊಂಬತ್ತು ಸಾಲು ‘ಕಳಿಸಿಯಾಯಿತು’ ಅನ್ನುತ್ತಿವೆ. ಮತ್ತೆ ಅಪ್‌ಡೇಟ್ ಕರೆದರೆ ಅವು ಹೋಗುವುದಿಲ್ಲ. ಫಾಲ್ಸ್ ಮಾಡಿದರೆ ಸ್ಟೇಟ್ ಹಾಗೇ ಉಳಿಯುತ್ತದೆ. ಕಮಿಟ್ ಆದ ಮೇಲೆ (ಸರ್ವರ್ ಅದನ್ನು ಖಾಯಂ ಮಾಡಿದ ಮೇಲೆ) ನೀವೇ ಆಕ್ಸೆಪ್ಟ್‌ಚೇಂಜಸ್ ಕರೆಯಿರಿ. ಸದಸ್ಯರ ಟೇಬಲ್‌ನಲ್ಲಿ ಎರರ್ ಇಲ್ಲದ ಸಾಲುಗಳಿಗೆ ಮಾತ್ರ ಒಂದೊಂದಾಗಿ ಕರೆಯಬೇಕು. ಡಿಲೀಟೆಡ್ ಸಾಲು ಆ ಕ್ಷಣ ಕಲೆಕ್ಷನ್‌ನಿಂದ ಹೊರಬೀಳುತ್ತದೆ, ಹಾಗಾಗಿ ಮೊದಲು ಸಾಲುಗಳನ್ನು ಒಂದು ಅರೇಗೆ ತೆಗೆದುಕೊಂಡು ಅದರ ಮೇಲೆ ಲೂಪ್ ಹಾಕಿ.

ಇನ್ನೊಂದು ಸಂದರ್ಭ ಉಳಿಯಿತು. ಸರ್ವರ್ ಕಮಿಟ್ ಮಾಡಿತು, ‘ಆಯಿತು’ ಅನ್ನುವ ಉತ್ತರ ಬರುವ ಮೊದಲು ಲೈನ್ ಹೋಯಿತು. ಲ್ಯಾಪ್‌ಟಾಪ್ ಮತ್ತೆ ಕಳಿಸುತ್ತದೆ. ಇದಕ್ಕೆ ‘ರವಾನೆ’ ಅಂತ ಒಂದು ಚಿಕ್ಕ ಟೇಬಲ್ ಇಡಿ. ಪ್ರತಿ ಹೊತ್ತಿನ ಹಾಲಿಗೂ ಒಂದು ರವಾನೆ ಗೂಯಿಡ್ ಹುಟ್ಟಿಸಿ, ಡಿಫ್‌ಗ್ರಾಂ ಜೊತೆ ಡಿಸ್ಕಿನಲ್ಲಿ ಇಡಿ. ಟ್ರಾನ್ಸಾಕ್ಷನ್‌ನ ಮೊದಲ ಕೆಲಸವೇ ಆ ಗೂಯಿಡನ್ನು ರವಾನೆ ಟೇಬಲ್‌ಗೆ ಸೇರಿಸುವುದು. ಪ್ರೈಮರಿ ಕೀ ಎರರ್ 2627 ಬಂದರೆ, ಹಿಂದಿನ ಸಲವೇ ಎಲ್ಲ ಮುಟ್ಟಿದೆ ಅಂತ ಅರ್ಥ. ರೋಲ್‌ಬ್ಯಾಕ್ ಮಾಡಿ, ಲ್ಯಾಪ್‌ಟಾಪ್ ಕಡೆ ಆಕ್ಸೆಪ್ಟ್ ಮಾಡಿ ಮುಗಿಸಿ. ಉತ್ತರ ಸಿಗುವ ತನಕ ಆ ಹೊತ್ತಿನ ಎಂಟ್ರಿಗಳನ್ನು ತಿದ್ದಲು ಬಿಡಬೇಡಿ. ಇಲ್ಲದಿದ್ದರೆ ತಿದ್ದಿದ್ದೂ ‘ಮುಟ್ಟಿದೆ’ ಅನ್ನುವ ಲೆಕ್ಕಕ್ಕೆ ಸೇರಿಬಿಡುತ್ತದೆ.

ಮೊತ್ತವನ್ನು ಮಾತ್ರ ಲ್ಯಾಪ್‌ಟಾಪಿನಿಂದ ತೆಗೆದುಕೊಳ್ಳಬೇಡಿ. ಲೀಟರ್, ಫ್ಯಾಟ್, ಎಸ್‌ಎನ್‌ಎಫ್ ಬರಲಿ, ದರಪಟ್ಟಿ ನೋಡಿ ಸರ್ವರ್ ಲೆಕ್ಕ ಹಾಕಲಿ.

ಕಾನ್‌ಫ್ಲಿಕ್ಟ್ ಬಂದ ಸಾಲುಗಳು

ಗೆಟ್‌ಎರರ್ಸ್ ಕರೆದರೆ ಸಿಕ್ಕಿಕೊಂಡ ಸಾಲುಗಳು ಕೈಗೆ ಬರುತ್ತವೆ. ಅವುಗಳ ಐಡಿ ಹಿಡಿದು ಸರ್ವರ್‌ನ ಈಗಿನ ಸಾಲನ್ನು ಬೇರೆ ಡೇಟಾಟೇಬಲ್‌ಗೆ ತನ್ನಿ. ಈಗ ಪ್ರತಿ ಕಾಲಂಗೂ ಮೂರು ವ್ಯಾಲ್ಯೂ ಇವೆ: ತಂದಾಗ ಇದ್ದದ್ದು, ಊರಿನಲ್ಲಿ ಬರೆದದ್ದು, ಸರ್ವರ್‌ನಲ್ಲಿ ಈಗ ಇರುವುದು. ಮೂರೂ ಇದ್ದರೆ ಮಾತ್ರ ಯಾರು ಏನು ಬದಲಿಸಿದರು ಅಂತ ಹೇಳಬಹುದು.

ಮೊದಲು ನೋಡಬೇಕಾದದ್ದು ಊರಿನದ್ದೂ ಸರ್ವರ್‌ನದ್ದೂ ಒಂದೇ ಇದೆಯಾ ಅಂತ. ಒಂದೇ ಇದ್ದರೆ ನಮ್ಮದೇ ಹಿಂದಿನ ಪ್ರಯತ್ನ ಮುಟ್ಟಿದೆ, ಒಪ್ಪಿಕೊಂಡು ಮುಂದೆ ಹೋಗಿ. ಇಲ್ಲದಿದ್ದರೆ ಕಾಲಂಗಳನ್ನು ಗುಂಪಾಗಿ ನೋಡಿ. ನನ್ನ ಗುಂಪುಗಳು: ಹೆಸರು ಮತ್ತು ತಂದೆ ಅಥವಾ ಗಂಡನ ಹೆಸರು ಒಂದು, ಫೋನ್ ಮತ್ತು ವಿಳಾಸ ಒಂದು, ಖಾತೆ ನಂಬರ್ ಮತ್ತು ಐಎಫ್‌ಎಸ್‌ಸಿ ಒಂದು. ಊರಿನವರು ಒಂದು ಗುಂಪು, ಕಚೇರಿಯವರು ಇನ್ನೊಂದು ಗುಂಪು ಮುಟ್ಟಿದ್ದರೆ ಪ್ರೋಗ್ರಾಂ ತಾನೇ ಸೇರಿಸುತ್ತದೆ. ಐಎಫ್‌ಎಸ್‌ಸಿ ಒಟ್ಟಿಗೆ ಬದಲಾದಾಗ ರೋವರ್ಷನ್‌ನಿಂದ ಬರುವ ಕಾನ್‌ಫ್ಲಿಕ್ಟ್‌ಗಳಲ್ಲಿ ಹೆಚ್ಚಿನವು ಹೀಗೇ ಕರಗುತ್ತವೆ. ಇಬ್ಬರೂ ಒಂದೇ ಗುಂಪು ಮುಟ್ಟಿದ್ದರೆ ಮನುಷ್ಯರನ್ನು ಕೇಳಬೇಕು. ಬ್ಯಾಂಕ್ ಖಾತೆಯ ವಿಷಯದಲ್ಲಿ ಪಾಸ್‌ಬುಕ್ ನೋಡದೆ ಯಾವ ಪ್ರೋಗ್ರಾಂ ಕೂಡ ತೀರ್ಮಾನ ಮಾಡಬಾರದು.

ತೀರ್ಮಾನವಾದ ಮೇಲೆ, ಸರ್ವರ್‌ನಿಂದ ತಂದ ಟೇಬಲನ್ನು ನಿಮ್ಮ ಡೇಟಾಸೆಟ್‌ಗೆ ಮರ್ಜ್ ಮಾಡಿ, ಪ್ರಿಸರ್ವ್‌ಚೇಂಜಸ್ ಟ್ರೂ ಇರಲಿ. ಆಗ ಕರೆಂಟ್ ಹಾಗೇ ಉಳಿದು, ಒರಿಜಿನಲ್ ಮಾತ್ರ ಸರ್ವರ್‌ನ ಹೊಸದಾಗುತ್ತದೆ. ರೋವರ್ಷನ್‌ನ ಒರಿಜಿನಲ್ ಕೂಡ. ಹಾಗಾದರೆ ಕಚೇರಿಯವರು ಬದಲಿಸಿದ ಗುಂಪಿನ ಕರೆಂಟ್ ಇನ್ನೂ ಹಳೆಯದೇ, ಅದಕ್ಕೆ ಸರ್ವರ್‌ನ ವ್ಯಾಲ್ಯೂ ನೀವೇ ಹಾಕಬೇಕು. ಇದನ್ನು ಬಿಟ್ಟರೆ ಸತ್ತ ಐಎಫ್‌ಎಸ್‌ಸಿ ಮತ್ತೆ ಹಿಂಬಾಗಿಲಿನಿಂದ ಬರುತ್ತದೆ. ರೋಎರರ್ ಅಳಿಸಿ, ಅಪ್‌ಡೇಟ್ ಮತ್ತೆ ಕರೆಯಿರಿ.

ವಿಬಿ 6ರಲ್ಲಿ (ಹಳೇ ವಿಷುಯಲ್ ಬೇಸಿಕ್) ಇರುವವರಿಗೆ

ಹಳೇ ಎಡಿಓ ರೆಕಾರ್ಡ್‌ಸೆಟ್ ಕೂಡ ಇದೇ ಕೆಲಸ ಮಾಡುತ್ತದೆ. ಕರ್ಸರ್‌ಲೊಕೇಶನ್ ಕ್ಲೈಂಟ್, ಲಾಕ್‌ಟೈಪ್ ಬ್ಯಾಚ್ ಆಪ್ಟಿಮಿಸ್ಟಿಕ್ ಇಟ್ಟು ತೆರೆಯಿರಿ. ಆಕ್ಟಿವ್‌ಕನೆಕ್ಷನ್ ನಥಿಂಗ್ ಮಾಡಿದರೆ ಕನೆಕ್ಷನ್ ಬಿಟ್ಟಂತೆ. ಮತ್ತೆ ಕನೆಕ್ಷನ್ ಕೊಟ್ಟು ಅಪ್‌ಡೇಟ್‌ಬ್ಯಾಚ್ ಕರೆಯಿರಿ. ಎರರ್ ಬಂದರೆ ಫಿಲ್ಟರನ್ನು ಕಾನ್‌ಫ್ಲಿಕ್ಟಿಂಗ್ ರೆಕಾರ್ಡ್ಸ್ ಮಾಡಿ, ರೀಸಿಂಕ್ ಅನ್ನು ಅಂಡರ್‌ಲೈಯಿಂಗ್ ವ್ಯಾಲ್ಯೂಸ್ ಆಯ್ಕೆಯೊಂದಿಗೆ ಕರೆಯಿರಿ. ಪ್ರತಿ ಫೀಲ್ಡ್‌ನಲ್ಲೂ ವ್ಯಾಲ್ಯೂ, ಒರಿಜಿನಲ್‌ವ್ಯಾಲ್ಯೂ, ಅಂಡರ್‌ಲೈಯಿಂಗ್‌ವ್ಯಾಲ್ಯೂ ಅಂತ ಮೂರೂ ಸಿಗುತ್ತವೆ. ಒಂದು ಮಾತು ನೆನಪಿರಲಿ: ಇಲ್ಲಿ ‘ಅಪ್‌ಡೇಟ್ ಕ್ರೈಟೀರಿಯಾ’ ಪ್ರಾಪರ್ಟಿ, ನಾವು ಬೇರೆ ಹೇಳದಿದ್ದರೆ, ಬದಲಾದ ಕಾಲಂ ಮಾತ್ರ ನೋಡುತ್ತದೆ. ಖಾತೆ ನಂಬರ್‌ನಂಥ ಜೋಡಿ ಕಾಲಂ ಇರುವ ಟೇಬಲ್‌ಗೆ ಅದನ್ನು ಟೈಮ್‌ಸ್ಟ್ಯಾಂಪ್ ಅಥವಾ ಆಲ್ ಕಾಲಮ್ಸ್ ಮಾಡಿ.

ಪರೀಕ್ಷೆ

ಊರಿಗೆ ಕೊಡುವ ಮೊದಲು ಇಷ್ಟು ನೋಡಿ. ಒಂದೇ ಸದಸ್ಯರನ್ನು ಎರಡು ಲ್ಯಾಪ್‌ಟಾಪಿನಲ್ಲಿ ತೆರೆದು, ಒಂದರಲ್ಲಿ ಫೋನ್, ಇನ್ನೊಂದರಲ್ಲಿ ಖಾತೆ ತಿದ್ದಿ, ಎರಡನ್ನೂ ಕಳಿಸಿ. ಎರಡೂ ಉಳಿಯಬೇಕು. ಆಮೇಲೆ ಒಂದರಲ್ಲಿ ಐಎಫ್‌ಎಸ್‌ಸಿ, ಇನ್ನೊಂದರಲ್ಲಿ ಖಾತೆ. ಈಗ ಪ್ರಶ್ನೆ ಬರಬೇಕು. ಎಂಟ್ರಿ ಹಾಕಿದ ಕೂಡಲೇ ಟಾಸ್ಕ್ ಮ್ಯಾನೇಜರ್‌ನಿಂದ ಪ್ರೋಗ್ರಾಂ ಕೊಂದು ಮತ್ತೆ ತೆರೆಯಿರಿ, ಸಾಲಿನ ಸ್ಟೇಟ್ ಆಡೆಡ್ ಅಂತಲೇ ಇರಬೇಕು. ಕೊನೆಗೆ, ಕಮಿಟ್ ಸಾಲಿನ ನಂತರ ಬ್ರೇಕ್‌ಪಾಯಿಂಟ್ ಇಟ್ಟು ಅಲ್ಲೇ ಪ್ರೋಗ್ರಾಂ ನಿಲ್ಲಿಸಿ, ಮತ್ತೆ ಶುರು ಮಾಡಿ ಕಳಿಸಿ. ಸರ್ವರ್‌ನಲ್ಲಿ ಆ ಹೊತ್ತಿನ ಒಟ್ಟು ಲೀಟರ್ ಲ್ಯಾಪ್‌ಟಾಪಿನ ಒಟ್ಟಿಗೆ ಸಮ ಇರಬೇಕು, ರವಾನೆ ಟೇಬಲ್‌ನಲ್ಲಿ ಅದಕ್ಕೆ ಒಂದೇ ಸಾಲು ಇರಬೇಕು.